ಕಡಲಿನಲ್ಲಿ ಆಡಬಾರದ ಮಾತು

ಜೆಸಿಮಾ ಲೋವಿ ನಮ್ಮೂರ ಕಿರ್ಕಿನ, ಎಂದರೆ ಚರ್ಚಿನ, ಬೀಗದ ಕೈ ಇಟ್ಟುಕೊಂಡವಳು. ಆರಾಧನೆಗೆ ಗಂಟೆ ಹೊಡೆಯುವುದು, ಬೆಂಚು ಒರೆಸುವುದು, ಚಳಿಗಾಲದಲ್ಲಿ ಒಲೆ ಹೊತ್ತಿಸುವುದು ಎಲ್ಲ ಅವಳದೇ. ಆದರೆ ಕಿರ್ಕ್ ಎಂಬ ಮಾತು ಅವಳ ಬಾಯಿಂದ ಬಂದದ್ದನ್ನು ಪಕ್ಕದ ಮನೆಯಲ್ಲೇ ಹುಟ್ಟಿ ಬೆಳೆದ ನಾನು ಒಮ್ಮೆಯೂ ಕೇಳಿಲ್ಲ. "ಗಂಟೆಮನೆ ಗುಡಿಸಿ ಬರ್ತೀನಿ ಕಣೇ," ಎನ್ನುತ್ತಿದ್ದಳು.

ಗಂಟೆಮನೆ ಎನ್ನುವುದು ನಮ್ಮ ಮೀನುಗಾರರು ಕಡಲಿನಲ್ಲಿ ಬಳಸುತ್ತಿದ್ದ ಹೆಸರು. ದೋಣಿ ಬಂದರು ದಾಟಿದ ಮೇಲೆ ಕಿರ್ಕ್ ಎನ್ನಬಾರದು, ಅದು ಅಪಶಕುನ; ಪಾದ್ರಿಯನ್ನೂ ಕರಿಕೋಟಿನವನು ಎನ್ನಬೇಕು. ಯಾರಾದರೂ ಬಾಯಿ ಜಾರಿದರೆ ಕೇಡು ತಾಗದಿರಲೆಂದು ಎಲ್ಲರೂ ಓಡಿ ಕಬ್ಬಿಣ ಮುಟ್ಟುತ್ತಿದ್ದರು. ಹಟಮಾರಿ ಮುದುಕರು ಬಲೆ ಎತ್ತಿ ದೋಣಿಯನ್ನೇ ಊರಿಗೆ ತಿರುಗಿಸಿಬಿಡುತ್ತಿದ್ದರು. ದಡದ ಮೇಲೆ ಇದೇ ಜನ ಅದೇ ಮಾತಿಗಾಗಿ ಬಡಿದಾಡಿಕೊಂಡವರು! ಅಜ್ಜಿಯ ಕಾಲದಲ್ಲಿ ಊರಿಗೆ ಎರಡು ಕಿರ್ಕ್. ಇದರವರು ಅದರವರ ಅಂಗಡಿಯಲ್ಲಿ ಉಪ್ಪೂ ಕೊಳ್ಳುತ್ತಿರಲಿಲ್ಲ. ಅದಕ್ಕೂ ಹಿಂದೆ ಕಿರ್ಕ್ ಎಂದರೆ ಜನ ನಡುಗುತ್ತಿದ್ದದ್ದು ಕಟ್ಟಡಕ್ಕಲ್ಲ, ಮದುವೆಯಾಗದೆ ಬಸುರಾದ ಹುಡುಗಿಯನ್ನು ಎಲ್ಲರೆದುರು ನಿಲ್ಲಿಸಿ ಮಾನ ಕಳೆಯುವ ಹಿರಿಯರಿಗೆ. ಇನ್ನು ಬಾಣಂತಿಗೆ ಅದು ಬಿಡುಗಡೆಯ ಮಾತು. ಕಿರ್ಕಿಗೆ ಹೋಗಿ ಬರುವ ತನಕ ಅವಳು ಯಾರ ಮನೆಯ ಹೊಸ್ತಿಲನ್ನೂ ತುಳಿಯುವ ಹಾಗಿರಲಿಲ್ಲ.

ಜೆಸಿಮಾಳ ಬಾಳು ಕೆಟ್ಟದ್ದು ಆ ಬಾಣಂತನದಲ್ಲೇ. ಚೊಚ್ಚಲು ಹೆಣ್ಣುಮಗು ಹುಟ್ಟಿತ್ತು. ಗಂಡ ಅಲಿಕ್, ಅವನ ಇಬ್ಬರು ತಮ್ಮಂದಿರು, ಅವರ ಅಪ್ಪ ನಾಲ್ವರೂ ಒಂದೇ ದೋಣಿಯಲ್ಲಿ ಮೀನಿಗೆ ಹೋಗಿದ್ದರು. ಮನೆಯೊಳಗೆ ಕೂತು ಕೂತು ಹುಡುಗಿ ರೋಸಿಹೋಗಿದ್ದಳು. ಹೊಸದಾಗಿ ಬಂದಿದ್ದ ಫೋನಿನಿಂದ ಕರಾವಳಿ ರೇಡಿಯೋದವರಿಗೆ ಹೇಳಿ, ದೋಣಿಗೆ ಸಂಪರ್ಕ ಮಾಡಿಸಿಕೊಂಡಳು.

"ಅಲಿಕ್, ಶನಿವಾರಕ್ಕೆ ಬಂದ್ಬಿಡ್ತೀಯ ತಾನೆ? ಭಾನುವಾರ ಕಿರ್ಕಿಗೆ ಹೋಗ್ಬೇಕು, ಮರ್ತುಗಿರ್ತೀಯ ಮತ್ತೆ!"

ಆ ಕಡೆ ಕಬ್ಬಿಣದತ್ತ ಓಡುವ ಕಾಲ್ಸದ್ದು. ಆಮೇಲೆ ಮಾವನ ದನಿ ಕೇಳಿಸಿತು: "ಅಯ್ಯೋ ಹುಡುಗಿ, ಏನಂದ್ಬಿಟ್ಟೆ!"

ದೋಣಿಯ ಮಾತುಗಳನ್ನು ಊರಿನ ಹೆಂಗಸರೆಲ್ಲ ತಂತಮ್ಮ ಅಡುಗೆಮನೆಯ ರೇಡಿಯೋದಲ್ಲಿ ಕೇಳುತ್ತಿದ್ದ ಕಾಲ ಅದು. ಎಲ್ಲರಿಗೂ ಗೊತ್ತಾಯಿತು. ಮಾವ ಅಷ್ಟಕ್ಕೇ ಬಲೆ ಎತ್ತಿಸಿ ದೋಣಿ ತಿರುಗಿಸಿದ. ದಾರಿಯಲ್ಲಿ ಬಿರುಗಾಳಿ ಎದ್ದಿತು. ಬೇರೆ ದೋಣಿಗಳು ಆಳ ಕಡಲಿನಲ್ಲೇ ಉಳಿದವು, ಬಿರುಗಾಳಿ ಇಳಿದ ಮೇಲೆ ಕ್ಷೇಮವಾಗಿ ಬಂದವು. ಇವರದು ಬಿರುಗಾಳಿಯ ನಡುವೆ ನಮ್ಮ ಬಂದರಿನ ಬಾಯಿಗೇ ಬಂದು ಬಂಡೆಗೆ ಬಡಿಯಿತು. ದಡದಲ್ಲಿ ನಿಂತವರು ಹೆಸರು ಹಿಡಿದು ಕೂಗುವಷ್ಟು ಹತ್ತಿರ. ನಾಲ್ವರಲ್ಲಿ ಒಬ್ಬನೂ ಉಳಿಯಲಿಲ್ಲ. ಅಲಿಕ್‌ನ ದೇಹವೂ ಸಿಗಲಿಲ್ಲ. ಬಾಣಂತಿ ಕಿರ್ಕಿನ ಮೆಟ್ಟಿಲು ಹತ್ತಿದ್ದು ಮಾವನ ಶವಪೆಟ್ಟಿಗೆಯ ಹಿಂದೆ.

"ಆ ನಾಲ್ಗೆ ಕಚ್ಕೊಂಡು ಸಾಯ್ಬಾರ್ದಿತ್ತೇನೇ," ಎಂದಳಂತೆ ಅತ್ತೆ. ಊರವರು ಬಾಯಿಬಿಟ್ಟು ಏನೂ ಅನ್ನಲಿಲ್ಲ, ಅವಳು ಅಂಗಡಿಗೆ ಬಂದರೆ ಮಾತು ನಿಲ್ಲಿಸುತ್ತಿದ್ದರು ಅಷ್ಟೆ. ಅವರ ಮೇಲೆ ನನಗಿರುವ ಸಿಟ್ಟು ಇನ್ನೂ ಆರಿಲ್ಲ. ಜೆಸಿಮಾ ಮಾತ್ರ ಎದುರಾಡಲಿಲ್ಲ. ಗೋರಿಯ ಬದಲು ಅಲಿಕ್‌ಗೆ ಇದ್ದದ್ದು ಕಿರ್ಕಿನ ಗೋಡೆಯ ಕಲ್ಲಿನಲ್ಲಿ ಕೊರೆದ ಹೆಸರೊಂದೇ. ಅದನ್ನು ಒರೆಸಲೆಂದು ಹೋದವಳು ಬರಬರುತ್ತ ಇಡೀ ಕಿರ್ಕನ್ನೇ ಒರೆಸತೊಡಗಿದಳು.

ಈಗ ಬರುವ ಜನರಿಲ್ಲದೆ ಆ ಕಿರ್ಕನ್ನೂ ಮಾರಿದ್ದಾರೆ. ಎಡಿನ್‌ಬರೋ ನಗರದ ದಂಪತಿ ರಜೆ ಕಳೆಯಲು ಮನೆ ಮಾಡಿಕೊಳ್ಳುತ್ತಾರಂತೆ, ಗೇಟಿಗೆ 'ಹಳೇ ಕಿರ್ಕ್' ಎಂದು ಬೋರ್ಡೂ ಹಾಕುತ್ತಾರಂತೆ. ಕೊನೆಯ ಆರಾಧನೆಯಲ್ಲಿ "ಈ ಕಿರ್ಕಿನ ಸೇವೆ ಇಂದಿಗೆ ಮುಗಿಯಿತು" ಎಂದು ಓದಬೇಕಾದವಳು ಜೆಸಿಮಾಳೇ ಎಂದು ಹೊಸ ಪಾದ್ರಿ ಗಿಲ್‌ಕ್ರಿಸ್ಟ್ ಹಟ ಹಿಡಿದರು. ಅವಳು ಒಲ್ಲೆನೆಂದಾಗ ಮನೆಗೇ ಬಂದರು. ನಾನೂ ಅಲ್ಲೇ ಚಹಾ ಬಗ್ಗಿಸುತ್ತಿದ್ದೆ.

"ಕಿರ್ಕ್ ಅನ್ನೋದು ಒಳ್ಳೇ ಮಾತಮ್ಮ," ಎಂದರು. "ಗ್ರೀಕರದ್ದು. ಒಡೆಯನ ಮನೆ ಅಂತ ಅರ್ಥ. ಬಾಯಿಂದ ಬಾಯಿಗೆ ಬದಲಾಗ್ತಾ, ಈ ರೂಪದಲ್ಲಿ ಉತ್ತರದ ನಾವಿಕರ ಹಡಗಲ್ಲಿ ಈ ಕಡೆ ಬಂತು ಅಂತಾರೆ."

"ಹಡಗಿನಲ್ಲಾ?"

"ಹೂಂ, ಹಡಗಲ್ಲೇ."

"ಹಂಗಾದ್ರೆ ಕಡಲ ಮೇಲೂ ಆಡಿರ್ತಾರೆ."

"ಆಡೇ ಇರ್ತಾರಮ್ಮ."

"ಆಡಿದ್ರೂ ದಡ ಸೇರಿದ್ರು."

ಪಾದ್ರಿಗಳ ಮುಖ ಅರಳಿತು. "ನೋಡಿದ್ರಾ! ಆ ಮಾತಲ್ಲಿ ಯಾವ ದೋಷವೂ ಇಲ್ಲ. ಇಷ್ಟು ವರ್ಷ ನೀವು ಸುಮ್ನೆ ಕೊರಗಿದ್ರಿ."

ನನಗೆ ಕಣ್ಣು ತುಂಬಿ ಬಂತು. ಈಗಲಾದರೂ ಒಬ್ಬರು ಹೇಳಿದರಲ್ಲ, ಇನ್ನು ಹಗುರಾಗುತ್ತಾಳೆ ಎಂದುಕೊಂಡೆ. ಜೆಸಿಮಾ ಕಪ್ಪನ್ನು ಮೇಜಿನ ಮೇಲಿಟ್ಟಳು.

"ನೀವೇ ಓದ್ಕೊಳ್ಳಿ ಪಾದ್ರಿಗಳೇ. ಆ ಮಾತು ಕೆಟ್ಟದ್ದಾಗೇ ಇರ್ಲಿ."

"ಯಾಕಮ್ಮ?"

"ಅದು ಒಳ್ಳೇದಾದ್ರೆ, ನಮ್ಮಾವ ಸುಮ್‌ಸುಮ್ನೆ ದೋಣಿ ತಿರುಗ್ಸಿ ಮೂರು ಮಕ್ಕಳನ್ನ ಕೊಂದಂಗಾಗುತ್ತೆ. ಸತ್ತೋರ ತಲೆ ಮೇಲೆ ಅದನ್ನ ಹೊರ್ಸಲಾ? ಹೊರೋಕೆ ನಾನಿನ್ನೂ ಬದುಕಿದ್ದೀನಲ್ಲ."