ದೂಜ ಪೂಜಾರಿಯವರ ರೆಸಿಸ್ಟರು

ಚೆಂಬೂರಿನ ಕಾಲೊನಿಯಲ್ಲಿ ಹಳೆಯ ಬಲ್ಬು ತೆಗೆದು ಎಲ್ಇಡಿ ಕೂರಿಸಬೇಕೆಂದರೆ ಎಲ್ಲರೂ ಕರೆಯುವುದು ದೂಜ ಪೂಜಾರಿಯವರನ್ನೇ. ಎಲ್ಇಡಿಗೆ ಬೇಕಾದಷ್ಟೇ ಕರೆಂಟು ಬಿಟ್ಟು ಅದನ್ನು ಸುಡದಂತೆ ಕಾಯುವ ರೆಸಿಸ್ಟರನ್ನು ಅವರು ಮಾಟುಂಗದ ಮಾರ್ಕೆಟ್ಟಿನಲ್ಲಿ ಬದನೆ ಆರಿಸುವ ಹಟದಿಂದಲೇ ಆರಿಸುತ್ತಾರೆ. ಲೆಕ್ಕಕ್ಕಿಂತ ಚೂರು ದೊಡ್ಡದನ್ನೇ ಹಾಕಿ, "ಬೆಳಕು ಕಮ್ಮಿಯಾದ್ರೂ ಅಡ್ಡಿಲ್ಲ ಮಾರಾಯ್ರೆ, ಬಾಳಿಕೆ ಬರ್ಬೇಕು" ಎನ್ನುತ್ತಾರೆ. ಅದರ ಅಳತೆ ಹೇಳುವ ಮೈಮೇಲಿನ ಬಣ್ಣದ ಪಟ್ಟಿ ಓದಲು ಮಾತ್ರ ಹೆಂಡತಿ ಪಕ್ಕದಲ್ಲಿರಬೇಕು. "ವಸಂತಿ, ಇದು ಕೆಂಪಾ, ಹಸಿರಾ?" "ಕೆಂಪು. ನಾನೆಂತ ನಿಮ್ಮ ಮೀಟರಾ?" "ಮೀಟರ್ ತಪ್ತದೆ, ನೀನು ತಪ್ಪುದಿಲ್ಲ." ತಮ್ಮ ಮಾತು ತಪ್ಪಿದರೆ ಚೌತಿಗೆ ಗಂಡ ಕೂರಿಸುವ ಕಾಲೊನಿಯ ಗಣಪತಿ ಮಂಟಪದ ದೀಪಗಳೆಲ್ಲ ಸುಟ್ಟುಹೋದಾವೆಂದು ವಸಂತಿ ಪ್ರತಿ ಪಟ್ಟಿಯನ್ನೂ ಎರಡೆರಡು ಸಲ ನೋಡುತ್ತಾರೆ. ಸ್ವಿಚ್ಚು ಒತ್ತಿದೊಡನೆ ಮಂಟಪ ಕೆಂಪು, ಹಸಿರಾಗಿ ಬೆಳಗುತ್ತದೆ. ಹುಟ್ಟಿನಿಂದ ಈ ಎರಡು ಬಣ್ಣ ಬೇರೆಯಾಗಿ ಕಾಣದ ಮನುಷ್ಯ ಅವನ್ನು ಊರಿಗೆಲ್ಲ ಹಂಚುವುದನ್ನು ವಸಂತಿ ಪ್ರತಿ ವರ್ಷವೂ ಬೆರಗಾಗಿ ನೋಡುತ್ತಾರೆ.