ಮಂಗಮ್ಮನವರ ಕೊಟ್ಟಿಗೆಯ ಸೋರುವ ಬಟ್ಟಲು

ನನ್ನ ಅಕ್ಷರ ಸೊಟ್ಟಗಿದೆ, ಓದನ್ನೂ ಒಂಬತ್ತನೇ ಕ್ಲಾಸಿಗೇ ಬಿಟ್ಟಿದ್ದೇನೆ. ಪದಗಳು ತಪ್ಪಿದ್ದರೆ ಕ್ಷಮಿಸಿ. ನಮ್ಮ ಮನೆಯ ಮಾಲೀಕರಾದ ಮಂಗಮ್ಮನವರ ಬಗ್ಗೆ ಬರೆಯುತ್ತಿದ್ದೇನೆ.

ಯಡಿಯೂರು ಹಳ್ಳಿಯಾಗಿದ್ದಾಗಿನಿಂದಲೂ ಅವರ ಮನೆಯಲ್ಲಿ ಹಸುಗಳಿವೆ. ಹೊಲವಿದ್ದಲ್ಲಿ ಈಗ ಬಾಡಿಗೆ ಮನೆಗಳು. ಹಿತ್ತಲ ಕೊಟ್ಟಿಗೆಯಲ್ಲಿ ನಾಲ್ಕು ಹಸು ಉಳಿದಿವೆ. ಮಂಡಿನೋವಿನಿಂದ ಬಕೆಟ್ ಹೊರಲಾಗದೆ ಅವರು ಹೋದ ವರ್ಷ ಪ್ರತಿ ಹಸುವಿನ ಮುಂದೆ ನೀರಿನ ಬಟ್ಟಲು ಹಾಕಿಸಿದರು. ಒಳಗೆ ನಾಲಿಗೆಯಂಥ ತಗಡಿದೆ. ಹಸು ಮೂತಿಯಿಂದ ಒತ್ತಿದರೆ ನೀರು ಬರುತ್ತದೆ, ಬಿಟ್ಟರೆ ನಿಲ್ಲುತ್ತದೆ.

ಆಯುಧಪೂಜೆ ಆದ ಮೇಲೆ, ಲಕ್ಷ್ಮಿ ಎಂಬ ಹಸುವಿನ ಮುಂದಿದ್ದ ಮೊದಲನೇ ಬಟ್ಟಲು ನಿಲ್ಲದೆ ಸೋರತೊಡಗಿತು. ನೀರು ರಸ್ತೆಗೆ ಹರಿಯಿತು. ಟ್ಯಾಂಕಿನ ವಾಲ್ವನ್ನು ಅರ್ಧ ಮುಚ್ಚಿದರೆ ಕೊನೆಯ ಬಟ್ಟಲಿಗೆ ನೀರೇ ಬರುತ್ತಿರಲಿಲ್ಲ. ಅಲ್ಲಿ ಕಟ್ಟಿದ್ದ ಬಾಣಂತಿ ಹಸು ಕೆಂಪಿ ಖಾಲಿ ಬಟ್ಟಲನ್ನು ಢಣಢಣ ಬಡಿಯುತ್ತಿದ್ದಳು.

ಮಂಗಮ್ಮನವರ ಮಗ ಶಿವರಾಮ್ ಅಣ್ಣ ಬಂದು ಹೇಳಿದರು, "ಅಮ್ಮ, ಅಕ್ಕಪಕ್ಕದೋರಿಗೆ ಉತ್ತರ ಹೇಳಿ ಸಾಕಾಗಿದೆ. ಇವತ್ತು ಸರಿಹೋಗ್ದಿದ್ರೆ ಹಸುಗಳನ್ನ ಕೊಟ್ಬಿಡೋಣ."

"ನೀನ್ ಬಕೆಟ್ ಹೊರು, ಇಟ್ಕೊಳೋಣ."

"ನಂಗೆ ಬೆನ್ನು ನೋವು."

"ಬೈಕ್ ಹತ್ತಿದ್ರೆ ಬರಲ್ವಲ್ಲ ಅದು."

ಅಷ್ಟು ಹೇಳಿದರೂ ಮಂಗಮ್ಮನವರ ಮುಖ ಸಣ್ಣಗಾಗಿತ್ತು. ವಾಲ್ವ್ ಪೂರ್ತಿ ಮುಚ್ಚಿ, ಸೋರುವ ಬಟ್ಟಲಿನ ಮುಂದೆ ಸ್ಟೂಲ್ ಹಾಕಿಕೊಂಡು ಕೂತರು. "ಟಾರ್ಚ್ ಹಿಡಿ ಮಗಾ" ಅಂದರು. ತಗಡಿನ ಹಿಂದೆ ಬೆರಳು ತೂರಿಸಿ, ಕುಂಕುಮ ಮೆತ್ತಿದ್ದ ಸೇವಂತಿಗೆಯ ತೊಟ್ಟೊಂದನ್ನು ಎಳೆದು ತೆಗೆದರು. ಒತ್ತಿದಂತೆಯೇ ಸಿಕ್ಕಿಕೊಂಡಿದ್ದ ತಗಡು ಟಕ್ಕೆಂದು ತನ್ನ ಜಾಗಕ್ಕೆ ಬಂತು. ಪೂಜೆಯ ದಿನ ನಾಲ್ಕು ಬಟ್ಟಲಿಗೂ ಕುಂಕುಮವಿಟ್ಟು ಹೂ ಸಿಕ್ಕಿಸಿದ್ದವರು ಅವರೇ.

"ಮತ್ತೆ ಮಿಕ್ಕಿದ್ದು ಸೋರ್ತಿಲ್ವಲ್ಲ ಅಜ್ಜಿ?" ಎಂದು ಕೇಳಿದೆ.

"ಅವು ಹೂವ ತಿಂದ್ಬಿಟ್ಟಿದಾವೆ. ನಮ್ಮ ಲಕ್ಷ್ಮಿಗೆ ಮಾತ್ರ ಸೇವಂತಿಗೆ ಸೇರಲ್ಲ," ಎಂದು ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು.

ತಗಡಿನ ಹಿಂದಿನ ರಬ್ಬರ್ ವಾಷರನ್ನು ಒರೆಸಿ, ವಾಲ್ವನ್ನು ಪೂರ್ತಿ ತೆರೆದರು. ಆ ಕೊನೆಯಲ್ಲಿ ಕೆಂಪಿ ಮೂತಿ ಒತ್ತಿದ್ದೇ ತಡ, ನೀರು ಪಕ್ಕದಲ್ಲೇ ನಿಂತಿದ್ದ ಶಿವರಾಮ್ ಅಣ್ಣನ ಇಸ್ತ್ರಿ ಶರ್ಟಿಗೆ ಚಿಮ್ಮಿತು.

"ಪ್ರೆಶರ್ ಸಾಕೇನೋ?" ಎಂದು ಮಂಗಮ್ಮನವರು ಕೇಳಿದರು.

ಅಣ್ಣ ನಗುತ್ತಲೇ ಹೋಗಿ ವಾಲ್ವನ್ನು ತುಸು ತಿರುಗಿಸಿದರು. ಬಟ್ಟಲು ನಿಧಾನವಾಗಿ ತುಂಬಿತು. ಕೆಂಪಿ ತಲೆಯೆತ್ತದೆ ಕುಡಿದಳು.

"ಕೊಟ್ಬಿಡೋದಾ ಶಿವು?"

"ಸುಮ್ನಿರಮ್ಮ. ಮೊದ್ಲು ಕಾಫಿ ಕೊಡು."

ನಾಳೆ ಬೆಳಿಗ್ಗೆ ಉಳಿದ ಮೂರು ಬಟ್ಟಲುಗಳ ತಗಡಿನ ಹಿಂದೆಯೂ ಹಳೆಯ ಬ್ರಶ್ ಹಾಕಿ ಉಜ್ಜಿ ತೊಳೆಯುತ್ತೇನೆ.