ಆಲ್ಪ್ಸ್‌ಗೆ ಹೊರಟ ಕುಕ್ಕರ್

ನನ್ನ ಗಂಡನಿಗೆ ಯಾವುದೇ ಪ್ರವಾಸವೂ ಮೊದಲು ಎಕ್ಸೆಲ್ ಶೀಟಿನಲ್ಲಿ ನಡೆದು ಮುಗಿಯಬೇಕು. ನಾವು ನಿಜವಾಗಿ ಹೊರಡುವುದು ಆಮೇಲೆ. ಆಲ್ಪ್ಸ್ ಬೆಟ್ಟಗಳ ನಡುವಿನ ಆ ಊರಿಗೆ ಹೋಗುವುದೆಂದು ತೀರ್ಮಾನವಾದಾಗಲೂ ಹಾಗೇ ಆಯಿತು. ಈ ಪರದೇಶದ ಸೆಂಗ್‌ಕಾಂಗ್ ಬಡಾವಣೆಯ ನಮ್ಮ ಫ್ಲ್ಯಾಟಿನ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದು ಕೂತವನು ಮೂರು ವಾರ ಏಳಲೇ ಇಲ್ಲ ಎಂದರೆ ಸ್ವಲ್ಪ ಉತ್ಪ್ರೇಕ್ಷೆಯಾದೀತು, ಅಷ್ಟೆ.

ಅದು ದುಡ್ಡಿದ್ದವರ ಊರು. ಕಾರುಗಳನ್ನು ಒಳಗೆ ಬಿಡುವುದಿಲ್ಲ. ಬೀದಿಯುದ್ದಕ್ಕೂ ವಾಚಿನ ಅಂಗಡಿಗಳು, ಕೋಟು ತೊಟ್ಟ ನಾಯಿಗಳು. ಉಳಿದುಕೊಳ್ಳಲು ಮೂರು ಜಾಗ: ಚರ್ಚಿನ ಸುತ್ತಲಿನ ಪೇಟೆಯಲ್ಲಿ ಹಳೆಯ ಹೋಟೆಲುಗಳು; ಮೇಲೆ ಕೇಬಲ್ ಕಾರಿನ ಹತ್ತಿರ ಸ್ಕೀ ಮಾಡುವವರಿಗಾಗಿ ಮರದ ಮನೆಗಳು; ಕೆಳಗೆ ಹೊಳೆಯಾಚೆ ಬಾಡಿಗೆ ಅಪಾರ್ಟ್‌ಮೆಂಟುಗಳು. ನಮ್ಮ ಮನೆಯಲ್ಲಿ ಸ್ಕೀ ಮಾಡುವ ಧೀರರು ಯಾರೂ ಇಲ್ಲವಾದ್ದರಿಂದ ಮೇಲಿನದನ್ನು ಕೈಬಿಟ್ಟೆವು. ಉಳಿದೆರಡರಲ್ಲಿ ಆರಿಸುವ ಪ್ರಶ್ನೆಯೇ ಇರಲಿಲ್ಲ, ಏಕೆಂದರೆ ಜೊತೆಗೆ ಅತ್ತೆ ಬರುತ್ತಿದ್ದರು.

ಅತ್ತೆ ಮೈಸೂರಿನವರು, ವಯಸ್ಸು ಎಪ್ಪತ್ತರ ಹತ್ತಿರ. ಮಾವ ತೀರಿಕೊಂಡ ಮೇಲೆ ನಮ್ಮ ಜೊತೆಗೇ ಇದ್ದಾರೆ. ಹೊರಗೆ ಹೋದಾಗ ಹಣ್ಣು, ಕಾಫಿ ಬಿಟ್ಟು ಬೇರೇನನ್ನೂ ಮುಟ್ಟುವವರಲ್ಲ. ನನಗೆ ತಿಳಿದಂತೆ ಅವರು ಬಾಯಿಬಿಟ್ಟು ಕೇಳಿದ್ದು ಒಂದೇ ಒಂದು: ಒಮ್ಮೆ ಹಿಮ ನೋಡಬೇಕು. ಆ ಏಳು ದಿನ ಅವರು ಸುಖವಾಗಿರಬೇಕೆಂದು ನಮಗಿಬ್ಬರಿಗೂ ಹಟವಿತ್ತು. ಆದ್ದರಿಂದ ಶೀಟಿನ ಮೊದಲ ಕಾಲಂ, 'ಕಿಚನ್ ಇದೆಯಾ?'

"ಅಮ್ಮಂಗೆ ಕಿಚನ್ ಇಲ್ದಿದ್ರೆ ಆಗೋದೇ ಇಲ್ಲ," ಅಂದ ಗಂಡ. ನಾನೂ ತಲೆಯಾಡಿಸಿದೆ. ಅತ್ತೆ ಅದೇ ಮೇಜಿನ ಆಚೆ ಬದಿ ಕೂತು ಹುರುಳಿಕಾಯಿಯ ನಾರು ತೆಗೆಯುತ್ತಿದ್ದರು. ಏನೂ ಅನ್ನಲಿಲ್ಲ. ಅವರು ಏನೂ ಅನ್ನದಿದ್ದರೆ ಒಪ್ಪಿಗೆ ಎಂದೇ ನಮ್ಮ ಮನೆಯ ರೂಢಿ.

ಹೊಳೆಯಾಚೆಯ ಅಪಾರ್ಟ್‌ಮೆಂಟ್ ಬುಕ್ ಆಯಿತು. ಬೇಡವೆನಿಸಿದರೆ ಭಾನುವಾರದೊಳಗೆ ಕ್ಯಾನ್ಸಲ್ ಮಾಡಬಹುದಿತ್ತು. ಗಂಡ ಅದರ ಮಾಲಕಿಗೆ ಮೇಲ್ ಬರೆದ: ಒಲೆ ಯಾವ ತರಹದ್ದು? ಸಾಸಿವೆ ಸಿಡಿಸಿದರೆ ಹೊಗೆಯ ಅಲಾರಂ ಹೊಡೆದುಕೊಳ್ಳುತ್ತದೆಯೇ? ಒಲೆ ಇಂಡಕ್ಷನ್, ಸಿಡಿಸುವಾಗ ಕಿಟಕಿ ತೆರೆದಿಟ್ಟರಾಯಿತು ಎಂದು ಆಕೆ ಉತ್ತರಿಸಿದಳು. ಅಲ್ಲಿ ಆಗ ಮೈನಸ್ ಹತ್ತು ಡಿಗ್ರಿ ಚಳಿ. ಕಿಟಕಿ ತೆರೆದು ಒಗ್ಗರಣೆ ಹಾಕುವ ಅತ್ತೆಯನ್ನು ನೆನೆದು ನಾವಿಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಈಗ ಆ ನಗು ನೆನಪಾದರೆ ನಾಚಿಕೆಯಾಗುತ್ತದೆ.

ಅತ್ತೆ ಊರಿನಿಂದ ತಂದಿದ್ದ ಅಲ್ಯೂಮಿನಿಯಂ ಕುಕ್ಕರ್ ಇಂಡಕ್ಷನ್ ಒಲೆಗೆ ಆಗುವುದಿಲ್ಲ. ಹಾಗಾಗಿ ಶನಿವಾರ ಬೆಳಿಗ್ಗೆ ಹನ್ನೊಂದು ವರ್ಷದ ಮಗಳನ್ನೂ ಕರೆದುಕೊಂಡು ನಾಲ್ವರೂ ಇಲ್ಲಿನ ಭಾರತೀಯರ ಪೇಟೆ ಲಿಟಲ್ ಇಂಡಿಯಾಗೆ ಹೋದೆವು. ಮೂರು ಲೀಟರಿನ ಸ್ಟೀಲ್ ಕುಕ್ಕರ್, ಒಗ್ಗರಣೆ ಸೌಟು, ತೊಗರಿಬೇಳೆ, ಇಂಗು ಎಲ್ಲವೂ ಚೀಲ ಸೇರಿದವು. ನನಗೋ ಒಳಗೊಳಗೇ ಜಂಬ. ಅತ್ತೆಗಾಗಿ ಆಲ್ಪ್ಸ್‌ಗೆ ಇಂಗು ಹೊರುವ ಸೊಸೆ ಇನ್ನೆಲ್ಲಿ ಸಿಗುತ್ತಾಳೆ!

ವಾಪಸ್ಸು ಬರುವಾಗ ಎಲ್‌ಆರ್‌ಟಿ ರೈಲಿನಲ್ಲಿ ಅತ್ತೆಗೆ ಮಾತ್ರ ಸೀಟು ಸಿಕ್ಕಿತು. ಕುಕ್ಕರಿನ ಡಬ್ಬವನ್ನು ತೊಡೆಯ ಮೇಲಿಟ್ಟುಕೊಂಡು, ಎರಡೂ ಕೈಯಲ್ಲಿ ಅದನ್ನು ಹಿಡಿದು ಕೂತರು. ಮಗಳು ಕಂಬಕ್ಕೆ ಜೋತುಬಿದ್ದು ಕೇಳಿದಳು, "ಅಜ್ಜಿ, ಅಲ್ಲಿ ಸ್ನೋ ಬೀಳೋಕೆ ಶುರುವಾದ್ರೆ ನೀನು ಫಸ್ಟ್ ಏನ್ ಮಾಡ್ತೀಯಾ?"

"ಅನ್ನಕ್ಕಿಡ್ತೀನಿ," ಅಂದರು ಅತ್ತೆ.

"ಅಯ್ಯೋ ಅಜ್ಜಿ, ಹಾಲಿಡೇ ಲಾ!" ಎಂದು ಮಗಳು ಇಲ್ಲಿನ ಮಕ್ಕಳ ಧಾಟಿಯಲ್ಲಿ ಹೇಳಿ ನಕ್ಕಳು. ಅತ್ತೆ ನಗಲಿಲ್ಲ. ತಮಾಷೆಗೆ ಹೇಳಿದ್ದೂ ಅಲ್ಲ.

ಅಷ್ಟು ಉದ್ದದ ಶೀಟಿನಲ್ಲಿ, ಆ ಕಿಚನ್‌ನಲ್ಲಿ ಅಡುಗೆ ಮಾಡುವವರು ಯಾರು ಎಂಬ ಕಾಲಂ ಇರಲೇ ಇಲ್ಲ. ನಮಗೆ ಹೊಳೆದಿರಲಿಲ್ಲ ಎಂದು ಬರೆದು ಮುಂದೆ ಹೋಗಬಹುದು. ಆದರೆ ನನಗೆ ಹೊಳೆದಿತ್ತು. ಅತ್ತೆಯಲ್ಲದಿದ್ದರೆ ಒಲೆಯ ಮುಂದೆ ನಿಲ್ಲುವವಳು ನಾನೇ ಎಂದು ಗೊತ್ತಿದ್ದು ಸುಮ್ಮನಿದ್ದೆ.

ಮನೆಗೆ ಬಂದು ಚಪ್ಪಲಿ ಬಿಡುತ್ತಲೇ ಕೇಳಿದೆ, "ಅತ್ತೆ, ನಿಮಗೆ ಎಲ್ಲಿ ಇಳ್ಕೊಳ್ಳೋಕೆ ಇಷ್ಟ?" ಮೂರು ವಾರದಲ್ಲಿ ಈ ಪ್ರಶ್ನೆಯನ್ನು ಅವರಿಗೆ ಯಾರೂ ಕೇಳಿರಲಿಲ್ಲ.

ಅವರು ಮಗನ ಮುಖ ನೋಡಿದರು. "ನೀನು ಇಷ್ಟೆಲ್ಲ ಕಷ್ಟಪಟ್ಟು ಹುಡುಕಿದೀಯ, ಬೇಜಾರ್ ಮಾಡ್ಕೋಬೇಡ ಕಣೋ. ಅಡುಗೆಮನೆ ಇಲ್ದಿರೋ ಕಡೆ ಇಳ್ಕೊಳ್ಳೋಣ."

"ಅಲ್ಲಮ್ಮ, ಮತ್ತೆ ಏನ್ ತಿಂತೀಯಾ?"

"ಹಾಲಿಲ್ವಾ, ಹಣ್ಣಿಲ್ವಾ, ಬ್ರೆಡ್ಡಿಲ್ವಾ? ಮದುವೆಯಾಗಿ ಬಂದಾಗಿಂದ ಬೇಯಿಸ್ತಾನೇ ಇದೀನಿ. ಹಿಮ ನೋಡೋಕೆ ಅಂತ ಅಷ್ಟು ದೂರ ಹೋಗಿ ಸಾರು ಕುದಿಯೋದು ನೋಡ್ಕೊಂಡು ನಿಂತ್ಕೊಳ್ಲಾ?"

ಗಂಡನ ಮುಖ ಸಪ್ಪಗಾಯಿತು. ಆದರೂ ಲ್ಯಾಪ್‌ಟಾಪನ್ನು ಅಮ್ಮನ ಕಡೆಗೆ ತಿರುಗಿಸಿದ. ಮೊಮ್ಮಗಳು ಒಂದೊಂದೇ ಫೋಟೋ ತೋರಿಸುತ್ತಾ ಹೋದಳು. ನಮ್ಮ ಮೂರು ವಾರದ ಕೆಲಸವನ್ನು ಅತ್ತೆ ಹತ್ತು ನಿಮಿಷದಲ್ಲಿ ಮುಗಿಸಿದರು: ಪೇಟೆಯ ಚೌಕದಲ್ಲಿ, ಕೆಂಪು ಕಿಟಕಿಗಳ ಹಳೆಯ ಹೋಟೆಲು. ಅದೇ ಏಕೆ ಎಂದರೆ, "ಮಲಗಿದ ಕಡೆಯಿಂದ್ಲೇ ಬೆಟ್ಟ ಕಾಣತ್ತೆ, ನೋಡು." ಕೊನೆಯಲ್ಲಿ ವಿಶೇಷ ಕೋರಿಕೆ ಬರೆಯಲು ಜಾಗವಿತ್ತು. ಏನಾದರೂ ಬೇಕಾ ಎಂದು ಮಗಳು ಕೇಳಿದಳು.

ಅತ್ತೆ ಸ್ವಲ್ಪ ಸಂಕೋಚದಿಂದಲೇ ಅಂದರು, "ಬೆಳಿಗ್ಗೆ ಕಾಫಿ ರೂಮಿಗೇ ತಂದ್ಕೊಡ್ತಾರಾ, ಕೇಳು."

ಹೋಟೆಲು ಬುಕ್ ಆಯಿತು, ಅಪಾರ್ಟ್‌ಮೆಂಟ್ ಕ್ಯಾನ್ಸಲ್ ಆಯಿತು. ಹೊಸ ಕುಕ್ಕರ್ ಡಬ್ಬದ ಸಮೇತ ಕಪಾಟಿನ ಮೇಲೆ ಹೋಗಿ ಕೂತಿತು.

ಭಾನುವಾರ ಬೆಳಿಗ್ಗೆ ಎದ್ದು ಬಂದರೆ ಅಡುಗೆಮನೆಯಲ್ಲಿ ಸದ್ದಿಲ್ಲ, ಡಿಕಾಕ್ಷನ್ ವಾಸನೆಯಿಲ್ಲ. ಮೈ ಹುಷಾರಿಲ್ಲವೇನೋ ಎಂದು ಗಾಬರಿಯಾಯಿತು. ನೋಡಿದರೆ ಅತ್ತೆ ಸ್ನಾನ ಮುಗಿಸಿ, ಇಸ್ತ್ರಿ ಮಾಡಿದ ಸೀರೆಯುಟ್ಟು, ಊಟದ ಮೇಜಿನ ಮುಂದೆ ಕೈಕಟ್ಟಿ ಕೂತಿದ್ದಾರೆ.

"ಯಾಕತ್ತೆ, ಏನಾಯ್ತು?"

"ಏನಿಲ್ಲಮ್ಮ, ಪ್ರಾಕ್ಟೀಸ್ ಮಾಡ್ತಿದೀನಿ," ಅಂದರು. "ಸುಮ್ನೆ ಕೂತ್ಕೊಳ್ಳೋದು ಕಷ್ಟ ಕಣೇ."

ನಾನು ಒಳಗೆ ಹೋಗಿ ಹಾಲು ಕಾಯಲಿಟ್ಟೆ.